ಹುಡುಗರು ನೋಡಿ ಬಂದ ಡೈರಿ, ನಾವು ಹಾಲು ಹಾಕುವ ಡೈರಿ



ಚಳಿಗಾಲ ಬಂತೆಂದರೆ ನಮ್ಮ ಸೀಮೆಯ ರಸ್ತೆಗಳಲ್ಲಿ ಕಾಲೇಜು ಹುಡುಗರ ಪ್ರವಾಸದ ಬಸ್ಸುಗಳು ಓಡಾಡುವುದನ್ನು ನೀವೂ ನೋಡಿದ್ದೀರಿ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಇಳಿದವರು ಕೆಲವರು, ಬೆಂಗಳೂರಿನಿಂದಲೇ ಬಸ್ಸು ಮಾಡಿಕೊಂಡು ಬಂದವರು ಕೆಲವರು. ಜಾವಗಲ್ ದಾಟಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ. ನೋಡಲಿ, ನೋಡಬೇಕಾದದ್ದೇ. 2023ರಲ್ಲಿ ಯುನೆಸ್ಕೋದವರೂ ಒಪ್ಪಿಕೊಂಡ ಗುಡಿಗಳು. ಹಳೇಬೀಡಿನ ಗೋಡೆಯಲ್ಲಿ ಗೋವರ್ಧನಗಿರಿ ಎತ್ತಿ ನಿಂತ ಕೃಷ್ಣನನ್ನೂ, ಬೆಟ್ಟದ ಅಡಿಯಲ್ಲಿ ನಿಂತ ದನಗಳನ್ನೂ ಮೇಷ್ಟರು ಬೆರಳು ಮಾಡಿ ತೋರಿಸುತ್ತಾರೆ. ಆದರೆ ಅದೇ ದಾರಿಯಲ್ಲಿ ಬೆಳಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ಹಾಲಿನ ಡೈರಿ ಮುಂದೆ ಸಾಲು ನಿಂತಿರೋ ಹೆಂಗಸರ ಪಕ್ಕ ಆ ಬಸ್ಸು ಹಾರನ್ ಹೊಡ್ಕೊಂಡು ಹೋಗುತ್ತೆ. ಅಲ್ಲಿ ನಿಲ್ಲಿಸಬೇಕು ಅಂತ ಯಾರಿಗೂ ಅನ್ನಿಸೋದಿಲ್ಲ.

ಇದು ನನಗೆ ಅನ್ನಿಸಿದ್ದು ನಮ್ಮ ಮನೆಯ ಹುಡುಗನಿಂದ. ತಮ್ಮನ ಮಗ, ಓದುತ್ತಿದ್ದಾನೆ. ಅವರ ಕಾಲೇಜಿನವರು ಈ ಸಲ ದೊಡ್ಡ ದೊಡ್ಡ ಡೈರಿ ಫಾರಂಗಳನ್ನು ತೋರಿಸಿಕೊಂಡು ಬರಲು ಕರೆದುಕೊಂಡು ಹೋಗಿದ್ದರು. ಪುಣೆ ಜಿಲ್ಲೆಯ ಮಂಚರ್‌ನಲ್ಲಿ ಸಾವಿರಾರು ಹಸು ಕಟ್ಟಿರುವ ಒಂದು ಫಾರಂ ಇದೆ, ಪರಾಗ್ ಕಂಪನಿಯದು. ಅದೂ ಅವನ ಪಟ್ಟಿಯಲ್ಲಿತ್ತು. ಊರಿಗೆ ಬಂದವನು ಎರಡು ದಿವಸ ಬೇರೆ ಮಾತೇ ಆಡಲಿಲ್ಲ. ಹಸುಗಳು ತಾವೇ ನಡೆದು ಬಂದು ಒಂದು ತಿರುಗೋ ವೇದಿಕೆ ಹತ್ತುತ್ತವಂತೆ. ಒಂದು ಸುತ್ತು ತಿರುಗೋದರೊಳಗೆ ಮೆಷಿನ್ನು ಹಾಲು ಕರೆದು ಬಿಡುತ್ತಂತೆ. ಹಾಲಿಗೆ ಮನುಷ್ಯನ ಕೈಯೇ ಸೋಕುವುದಿಲ್ಲವಂತೆ. ಯಾವ ಹಸು ಎಷ್ಟು ಕೊಟ್ಟಿತು, ಯಾವುದು ಬೆದೆಗೆ ಬಂತು, ಎಲ್ಲಾ ಕಂಪ್ಯೂಟರಿನಲ್ಲಿ. ಮೇವನ್ನು ಗಾಡಿಯಲ್ಲಿ ಹಾಕಿ ಕಲಸಿ ಸಾಲಾಗಿ ಸುರಿದುಕೊಂಡು ಹೋಗುತ್ತಾರಂತೆ. ಒಂದೊಂದು ಹಸು ದಿನಕ್ಕೆ ಇಪ್ಪತ್ತು ಲೀಟರಿನ ಮೇಲೆ.

ನಾನೇನೂ ಅಲ್ಲಗಳೆಯಲಿಲ್ಲ. ನೋಡಿ ಖುಷಿಪಟ್ಟಿದ್ದಾನೆ, ಪಡಲಿ. ಆದರೆ ಮೂರನೇ ದಿನ ಕೊಟ್ಟಿಗೆ ಬಾಗಿಲಲ್ಲಿ ನಿಂತು, 'ದೊಡ್ಡಪ್ಪ, ಎರಡು ಹಸು ಕಟ್ಕೊಂಡು ಏನೂ ಗಿಟ್ಟಲ್ಲ. ಇಪ್ಪತ್ತು ಹಸೂದು ಶೆಡ್ ಹಾಕೋಣ. ಬ್ಯಾಂಕಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಕೊಟ್ರೆ ಸಾಲ ಕೊಡ್ತಾರೆ, ತೆಂಗಿನ ತೋಟದ ಪಹಣಿ ಇಟ್ರೆ ಸಾಕು' ಅಂದ. ಆಗ ನನಗೆ ಸ್ವಲ್ಪ ಗಾಬರಿಯಾಯಿತು. ಮೂರು ಎಕರೆ ತೋಟ ಅದು. ಕಾಂಡ ಸೋರುವ ರೋಗ, ಬಿಳಿನೊಣ, ಬರ ಎಲ್ಲಾ ಕಳೆದು ಉಳಿದದ್ದು.

'ಆಯ್ತಪ್ಪ, ನೋಡಿದ್ದನ್ನೆಲ್ಲ ಬರ್ಕೊಂಡಿದ್ದೀಯಲ್ಲ, ಆ ಪುಸ್ತಕ ತಗೊಂಬಾ' ಅಂದೆ. ತಂದ. ಚೆನ್ನಾಗಿ ಬರೆದಿದ್ದ. ಹಸುಗಳ ಸಂಖ್ಯೆ, ತಳಿ, ಶೆಡ್ಡಿನ ಉದ್ದ ಅಗಲ, ಮೇವಿನ ಬಾಬ್ತು, ಹಾಲಿನ ಲೀಟರು, ಫ್ಯಾಟು. ಹದಿನಾಲ್ಕು ಪುಟ. ಆ ಹಾಲನ್ನು ಯಾರಿಗೆ, ಲೀಟರಿಗೆ ಎಷ್ಟಕ್ಕೆ ಮಾರುತ್ತಾರೆ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಕೇಳಿದ್ದಕ್ಕೆ, 'ಅದನ್ನು ಯಾರೂ ಕೇಳಲಿಲ್ಲ ದೊಡ್ಡಪ್ಪ' ಅಂದ.

ನೋಡಿ ಬಂಧುಗಳೇ, ನಾನು ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿರುವುದು ಈ ಬರೆಯದೇ ಬಿಟ್ಟ ಒಂದು ಸಾಲಿನ ಬಗ್ಗೆ.

ಮಂಚರಿನ ಆ ಫಾರಂ ಹಾಲನ್ನು ಒಂದು ಸಂಘಕ್ಕೆ ಹಾಕಿ ಬಟವಾಡೆಗೆ ಕಾಯುವುದಿಲ್ಲ. 'ಪ್ರೈಡ್ ಆಫ್ ಕೌಸ್' ಅಂತ ತನ್ನದೇ ಹೆಸರು ಹಾಕಿ, ತಾನೇ ತುಂಬಿ, ಮುಂಬಯಿ ಪುಣೆಯ ಅನುಕೂಲಸ್ಥರ ಮನೆ ಬಾಗಿಲಿಗೆ ಕೊಡುತ್ತದೆ. ಬೆಲೆಯನ್ನೂ ತಾನೇ ಕಟ್ಟುತ್ತದೆ. ಸಾಮಾನ್ಯ ಪ್ಯಾಕೆಟ್ ಹಾಲಿಗಿಂತ ಬಹಳ ಮೇಲಿನ ಬೆಲೆ. ಅಂದರೆ ಆ ತಿರುಗೋ ವೇದಿಕೆಯನ್ನು ತಿರುಗಿಸುತ್ತಿರುವುದು ಬರೀ ಕರೆಂಟಲ್ಲ, ಆ ಬೆಲೆ. ನಮ್ಮ ಹುಡುಗ ಕಟ್ಟಬೇಕೆಂದಿರುವುದು ಮಂಚರಿನ ಹಸು. ಅದರ ಹಾಲಿಗೆ ಸಿಗುವುದು ಅರಸೀಕೆರೆಯ ದರ. ಎರಡು ಹಸುವಿನ ಹಾಲಿಗೂ ಅದೇ ದರ, ಇಪ್ಪತ್ತು ಹಸುವಿನ ಹಾಲಿಗೂ ಅದೇ ದರ. ಒಂದು ಲೀಟರಿನಲ್ಲಿ ನಷ್ಟ ಇದ್ದರೆ ನೂರು ಲೀಟರು ಕರೆದವನಿಗೆ ನೂರರಷ್ಟು ನಷ್ಟ. ಇದಕ್ಕೆ ಕಾಲೇಜು ಓದಬೇಕಾಗಿಲ್ಲ.

ನಷ್ಟ ಇದೆಯೋ ಇಲ್ಲವೋ? ಅಲ್ಲಿಗೇ ಬರೋಣ. ಒಂದು ಪೆನ್ಸಿಲ್ ತೆಗೆದುಕೊಳ್ಳಿ. ನಾನು ನನ್ನ ಕೊಟ್ಟಿಗೆಯ ಲೆಕ್ಕ ಹೇಳುತ್ತೇನೆ, ನೀವು ನಿಮ್ಮದನ್ನು ಪಕ್ಕದಲ್ಲಿ ಬರೆಯಿರಿ. ನನ್ನ ಅಂಕಿ ತಪ್ಪೆನಿಸಿದರೆ ಹೊಡೆದು ಹಾಕಿ ನಿಮ್ಮ ಅಂಕಿ ಹಾಕಿ.

ನನ್ನವು ಎರಡು ಸೀಮೆ ಹಸು. ಒಂದು 10 ಲೀಟರು, ಇನ್ನೊಂದು 8, ಒಟ್ಟು 18. ಪಶುವೈದ್ಯರು ಹೇಳುವ ಲೆಕ್ಕದಂತೆ ಮೈ ಉಳಿಯುವುದಕ್ಕೆ ಹಸುವಿಗೆ ಒಂದೂವರೆ ಕೆಜಿ ಫೀಡು, ಅದರ ಮೇಲೆ ಲೀಟರು ಹಾಲಿಗೆ 400 ಗ್ರಾಂ. ಎರಡಕ್ಕೂ ಸೇರಿ ದಿನಕ್ಕೆ 10 ಕೆಜಿ 200 ಗ್ರಾಂ. 50 ಕೆಜಿ ಚೀಲಕ್ಕೆ 1300 ರೂಪಾಯಿ ಅಂತ ಹಿಡಿಯಿರಿ, ಕೆಜಿಗೆ 26. ದಿನಕ್ಕೆ 265 ರೂಪಾಯಿ. ಲೀಟರಿಗೆ 14 ರೂಪಾಯಿ 73 ಪೈಸೆ ಫೀಡಿಗೇ ಹೋಯಿತು.

ಈಗ ಕೂಲಿ. ಇಲ್ಲೇ ನಾವೆಲ್ಲ ಎಡವುವುದು. ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಕೊಟ್ಟಿಗೆ ತೊಳೆದು, ಕರೆದು, ಡೈರಿಗೆ ಹೋಗಿ ಬರುವುದಕ್ಕೆ ಎರಡು ಗಂಟೆ. ಹುಲ್ಲು ಕೊಯ್ದು ಹೊತ್ತು ತಂದು ಕತ್ತರಿಸಿ ಹಾಕುವುದಕ್ಕೆ ಒಂದೂವರೆ ಗಂಟೆ. ಸಾಯಂಕಾಲ ಮತ್ತೆ ಒಂದೂವರೆ. ಐದು ಗಂಟೆ ದುಡಿಮೆ. ಅದರಲ್ಲಿ ಮುಕ್ಕಾಲು ಪಾಲು ನಮ್ಮನೆಯವಳದು, ಸುಳ್ಳು ಯಾಕೆ ಹೇಳಲಿ. 2025-26ರಲ್ಲಿ ನಮ್ಮ ರಾಜ್ಯಕ್ಕೆ ಉದ್ಯೋಗ ಖಾತರಿ ಕೂಲಿ ಅಂತ ಸರ್ಕಾರವೇ ಕಟ್ಟಿದ್ದು ದಿನಕ್ಕೆ 370 ರೂಪಾಯಿ. ಎಂಟು ಗಂಟೆಗೆ 370 ಆದರೆ ಐದು ಗಂಟೆಗೆ 231. ಹದಿನೆಂಟು ಲೀಟರಿಗೆ ಹಂಚಿದರೆ ಲೀಟರಿಗೆ 12 ರೂಪಾಯಿ 85 ಪೈಸೆ. ಹಬ್ಬ ಇಲ್ಲ, ಭಾನುವಾರ ಇಲ್ಲ, ಮಗಳ ಮನೆಗೆ ಹೋಗಿ ಎರಡು ದಿನ ಇರುವ ಹಾಗಿಲ್ಲ. ಅದಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ, ಬಿಟ್ಟಿದ್ದೇನೆ.

ಮೂರನೆಯದು ಹಸು. 80 ಸಾವಿರಕ್ಕೆ ತಂದದ್ದು ಐದು ಕರು ಹಾಕಿ ಕೊನೆಗೆ 20 ಸಾವಿರಕ್ಕೆ ಹೋಯಿತು ಅನ್ನಿ. 60 ಸಾವಿರ ಸವೆಯಿತು. ಒಂದು ಸೂಲಿಗೆ 12 ಸಾವಿರ. ದಿನಕ್ಕೆ ಸರಾಸರಿ 9 ಲೀಟರಿನಂತೆ 300 ದಿನಕ್ಕೆ 2700 ಲೀಟರು. ಲೀಟರಿಗೆ 4 ರೂಪಾಯಿ 44 ಪೈಸೆ.

ಕೂಡಿ. 32 ರೂಪಾಯಿ ಮೇಲೆ ಎರಡು ಪೈಸೆ. ಇದರಲ್ಲಿ ರಾಗಿ ಹುಲ್ಲಿಲ್ಲ, ಹಸಿ ಮೇವಿಲ್ಲ, ಸೂಜಿ ಹಾಕಿಸಿದ್ದಿಲ್ಲ, ಕೆಚ್ಚಲು ಬಾವಿನ ಔಷಧಿ ಇಲ್ಲ, ಬತ್ತಿದ ಎರಡು ತಿಂಗಳು ತಿಂದದ್ದಿಲ್ಲ, ಸಾಲದ ಬಡ್ಡಿ ಇಲ್ಲ. ತಿಪ್ಪೆ ಗೊಬ್ಬರದ ಬೆಲೆಯನ್ನೂ ಹುಟ್ಟಿದ ಹೆಣ್ಣುಗರುವಿನ ಬೆಲೆಯನ್ನೂ ಕಳೆಯಬೇಕು, ನ್ಯಾಯ ನ್ಯಾಯವೇ. ಕಳೆದು ನೋಡಿ. ಆಮೇಲೆ ಕಳೆದ ತಿಂಗಳ ಬಟವಾಡೆ ಚೀಟಿಯಲ್ಲಿ ಫ್ಯಾಟು, ಎಸ್.ಎನ್.ಎಫ್. ನೋಡಿ ನಿಮಗೆ ನಿಜವಾಗಿ ಕೊಟ್ಟ ದರವನ್ನು ಅದರ ಪಕ್ಕದಲ್ಲಿ ಇಡಿ. ಗೋಡೆಗೆ ಅಂಟಿಸಿದ ದರ ಅಲ್ಲ, ಕೈಗೆ ಬಂದ ದರ. 8.5 ಎಸ್.ಎನ್.ಎಫ್. ಬರದೆ ಕಡಿತವಾದ ದಿನಗಳನ್ನು ಬಿಡಬೇಡಿ.

ಹಾಗಾದರೆ ಇಷ್ಟು ವರ್ಷ ನಾವು ಹೇಗೆ ಬದುಕಿದೆವು ಅಂತ ನೀವು ಕೇಳಬಹುದು. ನಮ್ಮ ಕೂಲಿಯನ್ನು ನಾವೇ ತಿಂದುಕೊಂಡು ಬದುಕಿದೆವು. ವಾರಕ್ಕೋ ಹದಿನೈದು ದಿನಕ್ಕೋ ಕೈಗೆ ಬರುವ ದುಡ್ಡು ಇದೊಂದೇ ಆದ್ದರಿಂದ, ಅದನ್ನು ಲಾಭ ಅಂದುಕೊಂಡೆವು. ಸಂಘದ ಸಾಲದ ಕಂತು, ಅಂಗಡಿ ಬಾಕಿ, ಮಕ್ಕಳ ಫೀಜು ಎಲ್ಲಾ ಅದರಲ್ಲೇ ನಡೆಯಿತು. ಕೊಬ್ಬರಿ ಕೈಕೊಟ್ಟ ವರ್ಷಗಳಲ್ಲಿ ಅರಸೀಕೆರೆ ಕಡೆಯ ಎಷ್ಟು ಮನೆಗಳ ಒಲೆ ಹಾಲಿನಿಂದ ಉರಿದಿದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಅದಕ್ಕೇ ನಾನು ಹಸು ಕಟ್ಟಬೇಡಿ ಅನ್ನುತ್ತಿಲ್ಲ.

ದೊಡ್ಡ ಫಾರಂನಿಂದ ಕಲಿಯಬೇಕಾದ ಮೊದಲ ಪಾಠ ಇದೇ, ಹುಡುಗರು ಅದೊಂದನ್ನು ಬಿಟ್ಟು ಬಂದಿದ್ದಾರೆ. ಅಲ್ಲಿ ಸಗಣಿ ಬಾಚುವವನ ಸಂಬಳ ಲೆಕ್ಕದಲ್ಲಿದೆ. ಹಸು ಸವೆದದ್ದು ಲೆಕ್ಕದಲ್ಲಿದೆ, ಶೆಡ್ಡಿನ ಬಡ್ಡಿ ಲೆಕ್ಕದಲ್ಲಿದೆ, ಮಾಲೀಕ ಕುರ್ಚಿಯಲ್ಲಿ ಕೂತದ್ದಕ್ಕೂ ಲೆಕ್ಕ ಇದೆ. ಅದೆಲ್ಲ ಕೂಡಿಸಿದ ಮೇಲೆ ಬೆಲೆ. ನಮ್ಮಲ್ಲಿ ಮೊದಲು ಬೆಲೆ, ಉಳಿದದ್ದು ನಮ್ಮ ಹಣೆಬರಹ.

ಕೊಬ್ಬರಿಗೂ ರಾಗಿಗೂ ಬೆಂಬಲ ಬೆಲೆ ಕಟ್ಟುವಾಗ ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಮನೆಮಂದಿಯ ದುಡಿಮೆಗೆ ಒಂದಿಷ್ಟು ಅಂತ ಲೆಕ್ಕ ಹಿಡಿಯುತ್ತದೆ. ಸಾಲದು, ಭೂಮಿಯ ಗೇಣಿ, ಬಂಡವಾಳದ ಬಡ್ಡಿ ಪೂರ್ತಿ ಸೇರಿಸುವುದಿಲ್ಲ ಅಂತ ನಮ್ಮ ತಕರಾರಿದೆ. ಆದರೂ ಮನೆಯವರ ಬೆವರು ಅಲ್ಲಿ ಒಂದು ಅಂಕಣದಲ್ಲಾದರೂ ಬರುತ್ತದೆ. ಹಾಲು ಆ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. 1998ರಿಂದ ಹಾಲಿನಲ್ಲಿ ಜಗತ್ತಿಗೇ ಮೊದಲು ಅಂತ ಎದೆ ತಟ್ಟಿಕೊಳ್ಳುವ ದೇಶ ಇದು. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಅಂತ ಶುರು ಮಾಡಿತು, 2013ರಲ್ಲಿ 4 ಆಯಿತು, 2016ರಲ್ಲಿ 5. ಒಳ್ಳೆಯದೇ. ಆದರೆ ಪ್ರೋತ್ಸಾಹಧನ ಕೊಡುವವರ ಮನಸ್ಸಿನ ಮೇಲಿದೆ. ಬೆಲೆ ನಮ್ಮ ಹಕ್ಕು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದಾಗ ಪೇಟೆಯಲ್ಲಿ ಎದ್ದ ಕೂಗು ಕೇಳಿದಿರಲ್ಲ. ಫೀಡಿನ ಚೀಲಕ್ಕೆ ಏರಿದಾಗ ಆ ಕೂಗು ಎಲ್ಲಿತ್ತು?

ಈಗ ಹುಡುಗನ ಇಪ್ಪತ್ತು ಹಸುವಿನ ವಿಚಾರ. ಒಂದು ಹಸುವಿಗೆ ದಿನಕ್ಕೆ 25 ಕೆಜಿ ಹಸಿ ಮೇವು ಅಂದರೂ ಇಪ್ಪತ್ತಕ್ಕೆ ಅರ್ಧ ಟನ್. ವರ್ಷಕ್ಕೆ 180 ಟನ್ ಮೀರುತ್ತದೆ. ಅಷ್ಟು ನೇಪಿಯರ್ ಹುಲ್ಲು ಬೆಳೆಯಬೇಕಾದರೆ ವರ್ಷವಿಡೀ ನೀರು ಕೊಟ್ಟು ಎರಡು ಎಕರೆ ಮೇಲೆ ಬೇಕು. ನೀರು ಎಲ್ಲಿದೆ? ಬೇಲೂರಿನ ಮಲೆನಾಡು ಸೆರಗಿನವರು ಇದ್ದರೂ ಇರಬಹುದು. ಅವರಿಗೆ ಕಾಫಿ, ಮೆಣಸು ಉಂಟು, ದನದ ಕೆಲಸಕ್ಕೆ ಆಳು ಸಿಗುವುದಿಲ್ಲ. ಹಳೇಬೀಡಿನ ಕಡೆ ಜೋಳದ ಕಡ್ಡಿಯಾದರೂ ಸಿಗುತ್ತೆ. ನಮ್ಮ ಅರಸೀಕೆರೆಯ ಕಡೆ ಬೋರು ಎಷ್ಟು ನೂರು ಅಡಿಗೆ ಹೋಗಿದೆ, ಎಷ್ಟು ಬೋರು ಬರೀ ಧೂಳು ಕಾರಿದೆ ಅಂತ ಊರೂರಿಗೆ ಹೋಗಿ ಕೇಳಿ. ತೆಂಗಿಗೆ ಬಿಡುವ ನೀರನ್ನು ಹುಲ್ಲಿಗೆ ಬಿಟ್ಟು, ಆ ತೆಂಗಿನ ತೋಟವನ್ನೇ ಬ್ಯಾಂಕಿಗೆ ಒತ್ತೆ ಇಟ್ಟು, ಹಾಲಿನ ಬೆಲೆ ನಮ್ಮ ಕೈಯಲ್ಲಿಲ್ಲದೆ, ಇಪ್ಪತ್ತು ಹಸು!

2022ರಲ್ಲಿ ಚರ್ಮಗಂಟು ರೋಗ ಬಂದದ್ದು ಮರೆತಿಲ್ಲ ತಾನೇ? ಸರ್ಕಾರ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ ಪರಿಹಾರ ಅಂತ ಹೇಳಿತು. ಎಪ್ಪತ್ತು ಎಂಬತ್ತು ಸಾವಿರದ ಹಸು ಸತ್ತವನ ಸಾಲ ಹಾಗೇ ನಿಂತಿತು. ಒಂದು ಹಸು ಹೋದವನು ಹೇಗೋ ಎದ್ದ. ಸಾಲ ಮಾಡಿ ಒಂದೇ ಶೆಡ್ಡಿನಲ್ಲಿ ಹತ್ತು ಹದಿನೈದು ಕಟ್ಟಿದವನ ಗತಿ ಯೋಚಿಸಿ.

'ಹೊರದೇಶದಲ್ಲಿ ಎಲ್ಲಾ ದೊಡ್ಡ ಫಾರಂಗಳೇ ಅಲ್ವಾ' ಅಂತ ಹುಡುಗ ಕೇಳಿದ. ಹೌದು, ಆಗಿವೆ. ಹೇಗಾದವು ಅನ್ನೋದನ್ನೂ ನೋಡಬೇಕು. ಅಮೆರಿಕದಲ್ಲಿ 2003ರಲ್ಲಿ ಹಾಲು ಮಾರುವ ಫಾರಂಗಳು 70 ಸಾವಿರ ಇದ್ದವು. 2023ಕ್ಕೆ ಉಳಿದದ್ದು ಸುಮಾರು 26 ಸಾವಿರ. ಹಾಲು ಕಡಿಮೆ ಆಯಿತೇ? ಇಲ್ಲ, ಜಾಸ್ತಿಯಾಯಿತು. ಹೋದದ್ದು ಹಾಲಲ್ಲ, ರೈತ. ಹಾಲಿಗೇ ಹೆಸರಾದ ವಿಸ್ಕಾನ್ಸಿನ್ ರಾಜ್ಯದಲ್ಲಿ 2019ರ ಒಂದೇ ವರ್ಷದಲ್ಲಿ 800ಕ್ಕೂ ಹೆಚ್ಚು ಫಾರಂ ಬಾಗಿಲು ಹಾಕಿದವು. ಅದೇ ವರ್ಷ ಅಲ್ಲಿನ ಕೃಷಿ ಮಂತ್ರಿ ಅದೇ ರಾಜ್ಯಕ್ಕೆ ಹೋಗಿ, ದೊಡ್ಡವರು ಇನ್ನೂ ದೊಡ್ಡವರಾಗುತ್ತಾರೆ, ಸಣ್ಣವರು ಹೊರಗೆ ಹೋಗುತ್ತಾರೆ ಎಂಬರ್ಥದ ಮಾತಾಡಿ ಬಂದ. ಅವನೊಬ್ಬ ಬಾಯಿಬಿಟ್ಟು ಹೇಳಿದ. ನಮ್ಮವರು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆದು ಕೊಡುತ್ತಾರೆ. ಹೊರದೇಶದ ಹಾಲಿನ ಪುಡಿ ನಮ್ಮ ದೇಶಕ್ಕೆ ನುಗ್ಗುವ ಆರ್‌ಸಿಇಪಿ ಒಪ್ಪಂದದಿಂದ 2019ರ ನವೆಂಬರ್‌ನಲ್ಲಿ ಭಾರತ ಹಿಂದೆ ಸರಿದದ್ದು, ಹಳ್ಳಿಗಳಿಂದಲೂ ಹಾಲು ಒಕ್ಕೂಟಗಳಿಂದಲೂ ಎದ್ದ ವಿರೋಧವನ್ನು ನೋಡಿ ಕೂಡ.

ದೊಡ್ಡದು ಅಂದರೆ ಏನು ಅಂತ ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸನ, ತುಮಕೂರು, ಚಿಕ್ಕಮಗಳೂರು, ಚಿತ್ರದುರ್ಗದ ಉದ್ದಕ್ಕೂ ಹರಡಿದ್ದ ಅಮೃತ ಮಹಲ್ ಕಾವಲುಗಳು ಏನು ಸಣ್ಣವೇ? ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅರಮನೆಗೆ ಬೆಣ್ಣೆ, ಸೈನ್ಯಕ್ಕೆ ಎತ್ತು. ಸಾವಿರಾರು ದನ ಋತುವಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಮೇದುಕೊಂಡು ಹೋಗುತ್ತಿದ್ದವು. ಮೇವಿಗೆ ಚೀಲ ಕೊಳ್ಳುವ ಮಾತಿರಲಿಲ್ಲ. ಆ ಹುಲ್ಲುಗಾವಲು ತುಂಡು ತುಂಡಾಗಿ ಒಬ್ಬೊಬ್ಬರಿಗೆ ಒಂದೊಂದು ಕಾರಣಕ್ಕೆ ಹೋಯಿತು. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ರಕ್ಷಣೆಗೆ, ವಿಜ್ಞಾನ ಸಂಸ್ಥೆಗಳಿಗೆ ಹೋದದ್ದು ತೀರಾ ಈಚಿನ ಮಾತು. ಉಳಿದ ದನ ನೋಡಬೇಕಾದರೆ ಅಜ್ಜಂಪುರದ ತಳಿ ಕೇಂದ್ರಕ್ಕೆ ಹೋಗಬೇಕು. ಪುಣೆಗೆ ಹೋಗುವ ಬಸ್ಸು ಒಂದು ದಿನ ಅಜ್ಜಂಪುರಕ್ಕೂ ಹೋಗಲಿ. ಗೋಮಾಳ ಇದ್ದಾಗ ಎರಡು ಹಸುವಿನವನಿಗೆ ಮೇವಿನ ಖರ್ಚು ಎಷ್ಟಿತ್ತು, ಹೋದ ಮೇಲೆ ಎಷ್ಟಾಯಿತು ಅಂತ ಬರೆದುಕೊಂಡು ಬರಲಿ.

ಹಾಗಂತ ಆ ಫಾರಂನಲ್ಲಿ ಕಲಿಯುವಂಥದ್ದು ಏನೂ ಇಲ್ಲ ಎಂದರೆ ನನ್ನದು ಮೊಂಡುತನವಾದೀತು. ಹುಡುಗ ಹೇಳಿದ ಮೂರು ವಿಷಯ ನನಗೆ ನಾಟಿತು. ಒಂದು, ಹಸುವಿನ ಮುಂದೆ ಇಪ್ಪತ್ತನಾಲ್ಕು ಗಂಟೆ ನೀರು. ನಾವು ದಿನಕ್ಕೆ ಎರಡು ಸಲ ಬಕೆಟ್ ತೋರಿಸಿ ಹಾಲು ಬರಲಿಲ್ಲ ಅಂತೀವಿ. ಲೀಟರು ಹಾಲಿಗೆ ನಾಲ್ಕೈದು ಲೀಟರು ನೀರು ಬೇಕಂತೆ. ತೊಟ್ಟಿ ಕಟ್ಟಿಸಿದೆ, ಹೆಚ್ಚು ಖರ್ಚಾಗಲಿಲ್ಲ. ಇನ್ನೊಂದು, ಕರೆದ ಮೇಲೆ ಮೊಲೆ ತೊಟ್ಟನ್ನು ಔಷಧಿಯಲ್ಲಿ ಅದ್ದುವುದು, ಕೆಚ್ಚಲು ಬಾವು ಬರದಂತೆ. ಮತ್ತೆ, ಬೆದೆಗೆ ಬಂದ ತಾರೀಖು, ಸೂಜಿ ಹಾಕಿಸಿದ ತಾರೀಖು ಬರೆದಿಡುವುದು. ವರ್ಷಕ್ಕೊಂದು ಕರು ಹಾಕಬೇಕಾದ ಹಸು ಹದಿನೈದು ಹದಿನಾರು ತಿಂಗಳಿಗೆ ಹಾಕಿದರೆ ಆ ಮೂರು ನಾಲ್ಕು ತಿಂಗಳು ನಾವು ಬಿಟ್ಟಿ ಮೇವು ಹಾಕಿದ ಹಾಗೆ. ಜೋಳದ ಕಡ್ಡಿಯನ್ನು ರಸಮೇವು ಮಾಡಿ ಗುಂಡಿಯಲ್ಲಿಡುವುದೂ ಹಳೇಬೀಡಿನ ಕಡೆಯವರಿಗೆ ಒಗ್ಗುವ ಕೆಲಸ. ಇದಕ್ಕೆ ಯಾವುದಕ್ಕೂ ತೋಟ ಒತ್ತೆ ಇಡಬೇಕಾಗಿಲ್ಲ.

ಇನ್ನೊಂದು ಮಾತು ಆ ಕಾಲೇಜುಗಳ ಮೇಷ್ಟರುಗಳಿಗೆ ಮುಟ್ಟಲಿ. ಆಣಂದಕ್ಕೆ ಹುಡುಗರನ್ನು ಕರೆದುಕೊಂಡು ಹೋಗುತ್ತಾರೆ, ಅಮುಲ್ ಕಾರ್ಖಾನೆ ತೋರಿಸುತ್ತಾರೆ, ಬೆಣ್ಣೆ ಬರುವ ಮೆಷಿನ್ನು ತೋರಿಸುತ್ತಾರೆ. ಆ ಕಾರ್ಖಾನೆಯ ಬುಡದಲ್ಲಿ ಇರುವುದು ಮೆಷಿನ್ನಲ್ಲ, ಬೆಲೆಯ ಜಗಳ. ಪೋಲ್ಸನ್ ಡೈರಿಯ ಗುತ್ತಿಗೆದಾರರು ಕೊಟ್ಟ ಬೆಲೆಗೆ ಹಾಲು ಹಾಕುವುದಿಲ್ಲ ಅಂತ 1946ರಲ್ಲಿ ಖೇಡಾ ಜಿಲ್ಲೆಯ ರೈತರು ಹದಿನೈದು ದಿನ ಒಂದು ತೊಟ್ಟು ಹಾಲು ಮಾರಲಿಲ್ಲ. ತ್ರಿಭುವನದಾಸ ಪಟೇಲರು ಊರೂರು ಸುತ್ತಿ ಸಂಘ ಕಟ್ಟಿದರು. ಕುರಿಯನ್ ಆಣಂದಕ್ಕೆ ಬಂದದ್ದು ಆಮೇಲೆ, 1949ರಲ್ಲಿ. ಅದೇ ಮಾದರಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ನಮ್ಮ ರಾಜ್ಯಕ್ಕೆ ಬಂತು, 1984ರಲ್ಲಿ ಈಗಿನ ಮಹಾಮಂಡಳವಾಯಿತು. ಎರಡು ಹಸುವಿನವನೂ ಒಂದು ಹಸುವಿನ ವಿಧವೆಯೂ ಸೇರಿ ಕಟ್ಟಿದ ಈ ಸಂಘಗಳೇ ನಮ್ಮ ದೊಡ್ಡ ಫಾರಂ. ಹಸುಗಳು ಒಂದೊಂದು ಹಟ್ಟಿಯಲ್ಲಿ ಒಂದೊಂದು ನಿಂತಿವೆ, ಅಷ್ಟೇ. ಅದಕ್ಕೆ ಯಾಕೆ ಅಧ್ಯಯನ ಪ್ರವಾಸ ಇಲ್ಲ? ಹುಡುಗರು ಒಂದು ವಾರ ಇಲ್ಲಿ ಇರಲಿ. ಒಂದು ಬಟವಾಡೆಯಿಂದ ಇನ್ನೊಂದು ಬಟವಾಡೆವರೆಗೆ. ಡಿಗ್ರಿ ಬರಲಿಲ್ಲ ಅಂತ ಹಾಲು ವಾಪಸ್ಸಾದ ಹೆಂಗಸಿನ ಜೊತೆ ಅವಳ ಮನೆವರೆಗೆ ನಡೆದು ಹೋಗಲಿ. ನಮ್ಮ ಸಂಘಗಳಲ್ಲೂ ಹುಳುಕಿದೆ, ರಾಜಕೀಯ ಇದೆ. ಅದನ್ನೂ ನೋಡಲಿ, ನಾಚಿಕೆ ಇಲ್ಲ.

ನಮ್ಮ ಹುಡುಗ ಆ ಹದಿನಾಲ್ಕು ಪುಟದ ಪುಸ್ತಕದ ಹಿಂದೆ, ನಮ್ಮನೆಯ ಲೆಕ್ಕ ಬರೆದ. ಅವನೇ ಕೊಟ್ಟಿಗೆಯಲ್ಲಿ ಗಡಿಯಾರ ಹಿಡಿದು ನಿಂತು ಗಂಟೆ ಎಣಿಸಿದ. ಅವರ ದೊಡ್ಡಮ್ಮ ನಗುತ್ತಾ, 'ರಾತ್ರಿ ಹಸು ಕರು ಹಾಕ್ದಾಗ ಎದ್ದು ಕೂತಿದ್ನಲ್ಲ, ಅದನ್ನ ಬರ್ದ್ಯೇನೋ?' ಅಂದಳು. ಬರೆದಿರಲಿಲ್ಲ, ಬರೆದ. ಆಮೇಲೆ ಇಪ್ಪತ್ತು ಹಸುವಿನ ಲೆಕ್ಕವನ್ನು ನಮ್ಮ ಡೈರಿಯ ದರದಲ್ಲಿ, ಆಳಿನ ಸಂಬಳ, ಬ್ಯಾಂಕಿನ ಬಡ್ಡಿ ಎಲ್ಲಾ ಹಿಡಿದು ಮತ್ತೆ ಹಾಕಿದ. ರಾತ್ರಿ ಹನ್ನೊಂದರವರೆಗೆ ದೀಪ ಉರಿಯುತ್ತಿತ್ತು. ಬೆಳಗ್ಗೆ ಬ್ಯಾಂಕಿನ ಅರ್ಜಿ ಅಟ್ಟದ ಮೇಲಿತ್ತು. ಹರಿದು ಹಾಕಿಲ್ಲ, ಇಟ್ಟಿದ್ದಾನೆ. 'ದೊಡ್ಡಪ್ಪ, ಲೀಟರಿಗೆ ಎಷ್ಟು ಸಿಕ್ಕಿದ್ರೆ ಗಿಟ್ಟುತ್ತೆ ಅಂತ ಬರೆದಿದ್ದೀನಿ, ನೋಡು' ಅಂತ ಹಾಳೆ ಕೊಟ್ಟ.

ಆ ಹಾಳೆಯನ್ನು ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಓದುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ನಿಮ್ಮ ಊರಿನ ಸಭೆಯೂ ಹತ್ತಿರದಲ್ಲೇ ಇರುತ್ತದೆ. ಮೇಲೆ ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಒಂದು ಹಾಳೆಗೆ ಇಳಿಸಿ, ಜೇಬಿನಲ್ಲಿಟ್ಟುಕೊಂಡು ಹೋಗಿ. ಕಾಫಿ ಬಿಸ್ಕತ್ತು ಹಂಚಿ ಲೆಕ್ಕಪತ್ರ ಮಂಜೂರು ಮಾಡಿಸಿಕೊಳ್ಳುವುದಕ್ಕೆ ಮುಂಚೆ ಎದ್ದು ನಿಂತು ಓದಿ. ಮನೆಯವರನ್ನೂ ಕರೆದುಕೊಂಡು ಹೋಗಿ, ಗಂಟೆ ಲೆಕ್ಕದಲ್ಲಿ ತಕರಾರು ಬಂದರೆ ಅವರೇ ಹೇಳುತ್ತಾರೆ.